ನಮ್ಮ ಬೀದಿಯ ಕಸ: ತುಮಕೂರಿನಲ್ಲಿ ಜನರನ್ನು ತಯಾರು ಮಾಡಿದ ನನ್ನ ಅನುಭವ

ತುಮಕೂರಿನ ಬಡಾವಣೆಗಳಲ್ಲಿ ಬೀದಿ ಕಸದ ಬಗ್ಗೆ ಜನರಿಗೆ ತರಬೇತಿ ಕೊಡುತ್ತಾ ಬಂದಿದ್ದೇನೆ. ಕಾಲೇಜು ಹುಡುಗರು, ನಿವೃತ್ತ ಮೇಷ್ಟ್ರುಗಳು, ಸ್ತ್ರೀಶಕ್ತಿ ಸಂಘದ ಹೆಂಗಸರು, ಅಂಗಡಿ ಇಟ್ಟವರು, ಎಲ್ಲರೂ ಬರುತ್ತಾರೆ. ಬಂದ ಕೂಡಲೇ ಕೇಳುವುದು ಗ್ಲೌಸು ಎಲ್ಲಿ, ಪೊರಕೆ ಎಲ್ಲಿ ಅಂತ. ಮೊದಲ ದಿನ ನಾನು ಎರಡನ್ನೂ ಕೊಡುವುದಿಲ್ಲ. ನೋಟ್‌ಬುಕ್ಕು, ಪೆನ್ನು ಕೊಟ್ಟು ಬ್ಲ್ಯಾಕ್‌ಸ್ಪಾಟ್ ಎದುರು ಕೂರಿಸುತ್ತೇನೆ.

ಬ್ಲ್ಯಾಕ್‌ಸ್ಪಾಟ್ ಅಂದರೆ ಗೊತ್ತಲ್ವಾ? ಖಾಲಿ ಸೈಟಿನ ಮೂಲೆ, ಟ್ರಾನ್ಸ್‌ಫಾರ್ಮರ್ ಬುಡ, ಪಾರ್ಕಿನ ಕಾಂಪೌಂಡ್ ಪಕ್ಕ. ಬೆಳಗ್ಗೆ ಎತ್ತಿದರೆ ಸಂಜೆಗೆ ಮತ್ತೆ ಗುಡ್ಡೆ. ಭಾನುವಾರ ಹತ್ತಾರು ಜನ ಸೇರಿ ಅದನ್ನು ಎತ್ತಿ, ಫೋಟೋ ತೆಗೆಸಿಕೊಂಡು ಹೋದರೆ ಬುಧವಾರದ ಹೊತ್ತಿಗೆ ಅದು ಹಳೇ ಗತಿಗೇ ಬಂದಿರುತ್ತದೆ. ಹಾಗಾದಾಗ ಒಳ್ಳೆ ಮನಸ್ಸಿಂದ ಬಂದವರೂ "ಈ ಜನ ಸುಧಾರಿಸಲ್ಲ" ಅಂತ ಕೈಬಿಡುತ್ತಾರೆ. ಅದಕ್ಕೇ ನಾನು ನೋಡುವುದನ್ನು ಮೊದಲು ಕಲಿಸುತ್ತೇನೆ.

ನೋಟ್‌ಬುಕ್ಕಿನಲ್ಲಿ ಬರೆಯಬೇಕಾದ್ದು ಜಾಸ್ತಿ ಏನಿಲ್ಲ. ಎಷ್ಟು ಹೊತ್ತಿಗೆ ಬಂದರು, ನಡೆದು ಬಂದರಾ ಗಾಡಿಯಲ್ಲಿ ಬಂದರಾ, ಯಾವ ಕಡೆಯಿಂದ, ಕೈಯಲ್ಲಿ ಮನೆ ಕಸವಾ ಅಂಗಡಿ ಕಸವಾ. ಹೆಸರು ಬೇಡ, ಮುಖದ ಫೋಟೋ ಬೇಡ, ಜಗಳ ಅಂತೂ ಬೇಡವೇ ಬೇಡ. ಬೆಳಕು ಹರಿಯುವ ಮುಂಚಿನ ಹೊತ್ತು, ಆಮೇಲೆ ರಾತ್ರಿ ಅಂಗಡಿ ಮುಚ್ಚುವ ಹೊತ್ತು, ಇವೆರಡನ್ನು ತಪ್ಪಿಸಬಾರದು. ಕಸ ಬೀಳುವುದು ಹೆಚ್ಚಾಗಿ ಆಗಲೇ.

ಬಟವಾಡಿ ಕಡೆಯ ಒಂದು ಮೂಲೆಯಲ್ಲಿ ತಂಡದವರೆಲ್ಲ ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದರು: ಇದು ಬಾಡಿಗೆ ರೂಮಿನ ಹುಡುಗರ ಕೆಲಸ ಅಂತ. ಕೂತು ನೋಡಿದಾಗ ಬೇರೆಯೇ ಕಂಡಿತು. ಸುರಿಯುತ್ತಿದ್ದವರಲ್ಲಿ ಬಹುಪಾಲು ಬೆಂಗಳೂರಿನ ರೈಲು ಹಿಡಿಯುವವರು, ವಸಂತನರಸಾಪುರದ ಫ್ಯಾಕ್ಟರಿ ಬಸ್ಸಿಗೆ ಓಡುವವರು. ಗಂಡ ಹೆಂಡತಿ ಇಬ್ಬರೂ ಕತ್ತಲಲ್ಲೇ ಮನೆ ಬಿಡುತ್ತಾರೆ. ಕಸದ ಆಟೋ ಬರುವ ಹೊತ್ತಿಗೆ ಬಾಗಿಲಿಗೆ ಬೀಗ. ರಾತ್ರಿಯ ಅನ್ನ, ಸಾರು ಮನೆಯಲ್ಲಿಟ್ಟರೆ ಸಂಜೆಗೆ ನಾರುತ್ತದೆ, ಗೇಟಿಗೆ ನೇತುಹಾಕಿದರೆ ನಾಯಿ ಎಳೆದು ಹಾಕುತ್ತದೆ. ಹಾಗಾಗಿ ದಾರಿಯಲ್ಲಿ ಸಿಗುವ ಮೂಲೆಗೆ ಒಂದು ಕವರು.

ಇಂಥವರಿಗೆ ಸ್ವಚ್ಛತೆಯ ಭಾಷಣ ಮಾಡಿ ಏನು ಪ್ರಯೋಜನ? ನಾವು ಮಾಡಿದ್ದು ಇಷ್ಟು. ಪಕ್ಕದ ಮನೆಯಲ್ಲಿ ಹಗಲು ಇರುವವರು ಯಾರು ಅಂತ ಪಟ್ಟಿ ಮಾಡಿದೆವು. ಮುಚ್ಚಳ ಇರುವ ಬಕೆಟ್ಟನ್ನು ಅವರ ಗೇಟಿನ ಒಳಗಿಟ್ಟು ಹೋಗುವ ಹಾಗೆ ಮಾತಾಡಿಸಿದೆವು. ಆಟೋ ಬಂದಾಗ ಆ ಮನೆಯ ಅಜ್ಜಿಯೋ ಸೊಸೆಯೋ ತಮ್ಮ ಕಸದ ಜೊತೆ ಇದನ್ನೂ ಕೊಡುತ್ತಾರೆ. ಬದಲಿಗೆ ಇವರು ಬೆಂಗಳೂರಿಂದ ಬರುವಾಗ ಔಷಧಿಯೋ ಇನ್ನೊಂದೋ ತಂದುಕೊಡುತ್ತಾರೆ. ಆ ಮೂಲೆಯ ಗುಡ್ಡೆ ಕರಗಿದ್ದು ಇದರಿಂದ, ಬೋರ್ಡಿನಿಂದಲ್ಲ.

ಎರಡನೇ ಪಾಠ ಪೌರಕಾರ್ಮಿಕರದ್ದು. ಇದನ್ನು ನಾನು ಕಲಿಸುವುದಿಲ್ಲ, ಅವರನ್ನೇ ಗುರುವಾಗಿ ಕರೆಯುತ್ತೇನೆ. ಅವರ ಕೆಲಸದ ಹೊತ್ತು ಬಿಟ್ಟು ಬೇರೆ ಹೊತ್ತಿಗೆ, ದುಡ್ಡು ಕೊಟ್ಟು. ಪುಕ್ಕಟೆ ಕರೆಯುವುದು ತಪ್ಪು. ನಮ್ಮಲ್ಲಿಗೆ ಬರುವ ಅಕ್ಕ ನೆಲದ ಮೇಲೆ ಟಾರ್ಪಾಲು ಹಾಸಿ, ಗಂಟು ಹಾಕಿದ ಕಪ್ಪು ಕವರೊಂದನ್ನು ಮುಂದಿಟ್ಟುಕೊಳ್ಳುತ್ತಾರೆ. ಗಂಟು ಬಿಚ್ಚಲು ಹೋಗುವುದಿಲ್ಲ, ಒಳಗೆ ಕೈ ಹಾಕುವುದಂತೂ ಇಲ್ಲವೇ ಇಲ್ಲ. ಕಡ್ಡಿಯಿಂದ ಪಕ್ಕದಲ್ಲಿ ಸೀಳಿ, ತಳ ಹಿಡಿದು ನಿಧಾನಕ್ಕೆ ಕೊಡವುತ್ತಾರೆ. ಒಂದು ಸಲ ಹಾಗೆ ಬಿದ್ದದ್ದು: ಹುಳಿ ಅನ್ನ, ನುಗ್ಗೆಕಾಯಿ ಸಿಪ್ಪೆ, ಮಗುವಿನ ಡಯಾಪರ್, ಅದರ ಅಡಿಯಲ್ಲಿ ಒಡೆದ ಟ್ಯೂಬ್‌ಲೈಟಿನ ಚೂರು. ಅಕ್ಕ ತಮ್ಮ ಹೆಬ್ಬೆರಳ ಬುಡದ ಗಾಯದ ಗುರುತು ತೋರಿಸಿದರು. "ಅನ್ನದೊಳಗೆ ಗಾಜು ಇದ್ರೆ ನಮಗೆ ಕಾಣಲ್ಲ ಕಣಮ್ಮ" ಅಂದರು. ಅಲ್ಲಿದ್ದ ಹೆಂಗಸರು ಮನೆಗೆ ಹೋಗಿ ಮೊದಲು ಮಾಡಿದ ಕೆಲಸ ಒಡೆದ ಗಾಜಿಗೆ ಬೇರೆ ರಟ್ಟಿನ ಡಬ್ಬ ಇಟ್ಟಿದ್ದು.

ಹಸಿ, ಒಣ, ಅಪಾಯಕಾರಿ ಅಂತ ಮನೆಯಲ್ಲೇ ಮೂರು ಭಾಗ ಮಾಡಬೇಕು ಅಂತ 2016ರ ಘನತ್ಯಾಜ್ಯ ನಿಯಮಗಳು ಹೇಳಿದವು. ಪ್ಯಾಡು, ಡಯಾಪರ್ ಸುತ್ತಿ ಕೊಡಬೇಕು ಅನ್ನುವುದೂ ಅದರಲ್ಲೇ ಇತ್ತು. ನಾವು ಹಳೇ ಪೇಪರಿನಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಅಂತ ಹೇಳುತ್ತೇವೆ, ಎತ್ತುವವರಿಗೆ ನೋಡಿದ ತಕ್ಷಣ ಗೊತ್ತಾಗಲಿ ಅಂತ. ನಿಯಮ ಓದಿ ಹೇಳಿದಾಗ ತಲೆ ಆಡಿಸಿದವರು ಅಕ್ಕನ ಕೈ ನೋಡಿದ ಮೇಲೆ ಬೇರ್ಪಡಿಸಲು ಶುರು ಮಾಡಿದರು. ಸೆಪ್ಟೆಂಬರ್ 23ಕ್ಕೆ ಪೌರಕಾರ್ಮಿಕರ ದಿನ ಅಂತ ಹಾರ ಹಾಕುತ್ತೇವೆ, ಸಂತೋಷ. ಆದರೆ ಅವರಿಗೆ ದಿನವೂ ಬೇಕಾದ್ದು ಗಾಜು ಇಲ್ಲದ ಕವರು.

ಗುಡಿಸುವುದನ್ನೂ ಅಕ್ಕನೇ ಹೇಳಿಕೊಡುತ್ತಾರೆ. ಗಾಳಿ ಬೀಸುವ ದಿಕ್ಕಿಗೇ ಗುಡಿಸಬೇಕು, ಎದುರಿಗಲ್ಲ. ಧೂಳು ಜಾಸ್ತಿ ಇದ್ದರೆ ನೀರು ಚಿಮುಕಿಸಬೇಕು. ಗುಡ್ಡೆಗಳನ್ನು ಗಾಡಿ ನಿಲ್ಲುವ ಕಡೆಯೇ ಮಾಡಬೇಕು. ಮೋರಿಗೆ ಮಾತ್ರ ಏನನ್ನೂ ತಳ್ಳಬಾರದು. ಮನೆ ಮುಂದೆ ಗುಡಿಸಿ ಮಣ್ಣು, ಎಲೆ, ಕವರನ್ನೆಲ್ಲ ಮೋರಿಗೆ ಬಿಡುವ ಅಭ್ಯಾಸ ನಮ್ಮಲ್ಲಿ ಬಹಳ. ಮೊದಲ ಜೋರು ಮಳೆಗೆ ಅದೇ ನೀರು ಅದೇ ಮನೆ ಮೆಟ್ಟಿಲಿಗೆ ಬರುತ್ತದೆ.

ಉತ್ಸಾಹ ಇರುವ ಹುಡುಗರಿಗೆ ಕೆಲವು ಮಾತು ಕಟ್ಟುನಿಟ್ಟಾಗಿ ಹೇಳಬೇಕು. ಮ್ಯಾನ್‌ಹೋಲಿಗೆ ಇಳಿಯುವಂತಿಲ್ಲ, ಇಳಿಸುವಂತಿಲ್ಲ. ರಕ್ಷಣಾ ಸಲಕರಣೆ ಇಲ್ಲದೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ, ಒಳಗಿನ ವಿಷಗಾಳಿ ಪ್ರಾಣ ತೆಗೆಯುತ್ತದೆ. ಸಿರಿಂಜು ಕಂಡರೆ ಮುಟ್ಟದೆ ಹೆಲ್ತ್ ಇನ್ಸ್‌ಪೆಕ್ಟರಿಗೆ ತಿಳಿಸಬೇಕು. ಒಣ ಎಲೆ ಅಂತ ಬೆಂಕಿ ಇಡಬಾರದು, ಎಲೆಯೊಳಗೆ ಪ್ಲಾಸ್ಟಿಕ್ ಸೇರಿಕೊಂಡಿರುತ್ತದೆ.

ಇನ್ನು ಮಾತು. ನನ್ನ ತರಬೇತಿಯಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಇದೇ. ಇಬ್ಬಿಬ್ಬರನ್ನು ನಿಲ್ಲಿಸುತ್ತೇನೆ, ಒಬ್ಬರು ಕವರು ಹಿಡಿದು ಬರಬೇಕು, ಇನ್ನೊಬ್ಬರು ಮಾತಾಡಿಸಬೇಕು. "ಓದಿದೋರು ನೀವೇ ಹಿಂಗೆ ಮಾಡಿದ್ರೆ ಹೆಂಗೆ" ಅಂತ ಶುರು ಮಾಡಿದರೆ ನಿಲ್ಲಿಸುತ್ತೇನೆ. ಆ ಮಾತು ಕೇಳಿದವರು ಇವತ್ತು ತಲೆ ತಗ್ಗಿಸಿ ಹೋಗಿ ನಾಳೆ ಕತ್ತಲಲ್ಲಿ ಎಸೆಯುತ್ತಾರೆ. "ಅಕ್ಕಾ, ಗಾಡಿ ಸಿಗಲಿಲ್ವಾ?" ಅಂತ ಕೇಳಿ ನೋಡಿ. ಎದುರಿನವರಿಗೆ ಮಾತಾಡಲು ದಾರಿ ಸಿಗುತ್ತದೆ. "ಇಲ್ಲಣ್ಣ, ನಂದು ಆರು ಗಂಟೆ ಶಿಫ್ಟು" ಅನ್ನುತ್ತಾರೆ. ಅಲ್ಲಿಗೆ ಸಮಸ್ಯೆ ಏನು ಅಂತ ಕೈಗೆ ಸಿಕ್ಕಿತು. ಆಮೇಲೆ ನಾವು ಸುಮ್ನೆ ಕೇಳಬೇಕು, ಮಧ್ಯೆ ಬಾಯಿ ಹಾಕಬಾರದು. ವಯಸ್ಸಾದವರ ಹತ್ತಿರ ವಯಸ್ಸಾದವರೇ ಮಾತಾಡಲಿ. ಕುಡಿದವರನ್ನು ಮಾತಾಡಿಸುವುದು ಬೇಡ.

ನಮ್ಮದು ತೆಂಗಿನ ಸೀಮೆ. ಹಾಗಾಗಿ ಎಳನೀರು ಬುರುಡೆಗೆ ಬೇರೆಯೇ ಪಾಠ ಬೇಕು. ಬೇಸಿಗೆಯಲ್ಲಿ ಬಿ.ಎಚ್. ರಸ್ತೆ ಉದ್ದಕ್ಕೂ ರಾಶಿ ಕಾಣುತ್ತದೆ. ತೂತಿನ ಬುರುಡೆಯಲ್ಲಿ ಮಳೆನೀರು ನಿಂತರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುತ್ತದೆ. ಬೀದಿ ವ್ಯಾಪಾರಿ ತನ್ನ ಕಸಕ್ಕೆ ತಾನೇ ಡಬ್ಬ ಇಡಬೇಕು ಅಂತ 2016ರ ನಿಯಮದಲ್ಲಿ ಹೇಳುವಾಗ ತೆಂಗಿನ ಚಿಪ್ಪನ್ನೂ ಹೆಸರಿಸಿದ್ದರು. ಆದರೆ ನಾವು ನಿಯಮದ ಮಾತು ಎತ್ತುವುದಿಲ್ಲ. ಕುಡಿದ ಬುರುಡೆಯನ್ನು ಅಲ್ಲೇ ಇನ್ನೊಂದು ಏಟು ಹಾಕಿ ಹೋಳು ಮಾಡಿ ಅಣ್ಣ ಅನ್ನುತ್ತೇವೆ. ಗಂಜಿ ತಿನ್ನುವವರಿಗೆ ಹೇಗೂ ಸೀಳುತ್ತಾರೆ, ಉಳಿದವಕ್ಕೂ ಅದೇ ಏಟು. ಹೋಳಾದರೆ ನೀರು ನಿಲ್ಲಲ್ಲ, ಬೇಗ ಒಣಗುತ್ತದೆ. ಒಣಗಿದ್ದನ್ನು ಸ್ನಾನದ ಹಂಡೆ ಒಲೆಗೆ ಒಯ್ಯುವ ಮನೆಗಳು ಇನ್ನೂ ಇವೆ, ಅಂಥವರನ್ನು ವ್ಯಾಪಾರಿಗೆ ಪರಿಚಯ ಮಾಡಿಸುವುದು ನಮ್ಮ ಕೆಲಸ.

ಆಯುಧಪೂಜೆಯ ಮಾರನೇ ದಿನವೂ ಹೀಗೇ. ಗ್ಯಾರೇಜು, ವರ್ಕ್‌ಶಾಪುಗಳ ಮುಂದೆ ಒಡೆದ ಬೂದುಗುಂಬಳ ಬಿದ್ದಿರುತ್ತದೆ, ಬೈಕುಗಳು ಜಾರುತ್ತವೆ. ಹಬ್ಬದ ಹಿಂದಿನ ವಾರವೇ ಮೆಕ್ಯಾನಿಕ್‌ಗಳ ಹತ್ತಿರ ಹೋಗಿ, ಒಡೆದ ಮೇಲೆ ಹೋಳು ಬಾಚಲು ಒಂದು ಖಾಲಿ ಚೀಲ ಕೊಟ್ಟು ಬರುತ್ತೇವೆ. ಪೂಜೆಗೆ ಅಡ್ಡಿ ಬರುವ ಮಾತೇ ಇಲ್ಲ, ಹಾಗಾಗಿ ಯಾರೂ ಬೇಡ ಅನ್ನಲಿಲ್ಲ. ಬಾಳೆಕಂದು ಹಸು ಸಾಕಿದವರ ಮನೆಗೆ ಹೋಗುತ್ತದೆ.

ಗುಡ್ಡೆ ಎತ್ತಿದ ಜಾಗವನ್ನು ಅದೇ ದಿನ ಚಂದ ಮಾಡಬೇಕು. ಗೋಡೆಗೆ ಸುಣ್ಣ, ಕೆಳಗೆ ಮೊಣಕಾಲೆತ್ತರಕ್ಕೆ ಕೆಮ್ಮಣ್ಣಿನ ಬಣ್ಣ. ಉಗಿದ ಕಲೆ, ಕೆಸರು ಸಿಡಿದದ್ದು ಅದರಲ್ಲಿ ಎದ್ದು ಕಾಣುವುದಿಲ್ಲ. ಬೆಂಗಳೂರಿನ ದಿ ಅಗ್ಲಿ ಇಂಡಿಯನ್ ತಂಡದವರೂ ಗೋಡೆಗಳಿಗೆ ಹೀಗೇ ಮಾಡುತ್ತಾರೆ. ದೇವರ ಟೈಲ್ಸ್ ಅಂಟಿಸೋಣ ಅಂತ ಪ್ರತಿ ತಂಡದಲ್ಲೂ ಒಬ್ಬರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಎಸೆಯುವವರು ಹತ್ತು ಹೆಜ್ಜೆ ಆಚೆ ಎಸೆಯುತ್ತಾರೆ, ದೇವರ ಮುಖಕ್ಕೆ ಧೂಳು. ಒಂದು ಕಲ್ಲು ಬೆಂಚು ಹಾಕಿ, ಸಂಜೆ ಹಿರಿಯರು ಕೂರಲಿ. ಅದು ಕೆಲಸ ಮಾಡುತ್ತದೆ. ಗಿಡ ಇಡುವುದಾದರೆ ನೀರು ಯಾರು ಹಾಕುತ್ತಾರೆ ಅಂತ ಮೊದಲು ಗೊತ್ತಾಗಬೇಕು.

ಈಗ ನಮ್ಮಲ್ಲಿ ಕಲಿತವರೇ ಬೇರೆ ಬೀದಿಯವರಿಗೆ ಕಲಿಸಲು ಹೊರಟಿದ್ದಾರೆ. ಅವರಿಗೆ ನಾನು ಹೇಳಿರುವುದು ಎರಡು. ಒಂದು ತಂಡಕ್ಕೆ ಒಂದೇ ಮೂಲೆ, ಅಲ್ಲಿ ಕಸ ಬೀಳುವುದು ನಿಂತ ಮೇಲೆ ಇನ್ನೊಂದು. ಪೌರಕಾರ್ಮಿಕರ ಪಾಠಕ್ಕೆ ದುಡ್ಡು ಹೊಂದಿಸಲು ಆಗದಿದ್ದರೆ ತರಬೇತಿ ಮುಂದಕ್ಕೆ ಹಾಕಿ, ಆ ಪಾಠ ಬಿಟ್ಟು ಮಾಡಬೇಡಿ.