ಮೂರು ದಿನದ ಶಿಬಿರ, ವರ್ಷಕ್ಕೆ ನಾಲ್ಕೈದು ಸಲ: ನನ್ನ ಅನುಭವ

ತಂದೆ-ತಾಯಿಯನ್ನು ಕಳೆದುಕೊಂಡ, ಇಲ್ಲವೇ ಅವರಿದ್ದೂ ಆಸರೆಯಿಲ್ಲದ ಹದಿನಾರರಿಂದ ಇಪ್ಪತ್ತೊಂದು ವಯಸ್ಸಿನ ಹುಡುಗ-ಹುಡುಗಿಯರಿಗಾಗಿ ನಾವು ಕೆಲವರು ಸೇರಿ ಕೊಪ್ಪಳ ಜಿಲ್ಲೆಯಲ್ಲಿ ಸಬಲೀಕರಣ ಶಿಬಿರಗಳನ್ನು ನಡೆಸತೊಡಗಿ ಏಳೆಂಟು ವರ್ಷಗಳಾದವು. ಮೊದಲ ದಿನ ಬಂದವರು ಕೊನೆಯ ದಿನದವರೆಗೂ ಉಳಿಯುವುದು, ಮುಂದಿನ ಶಿಬಿರಕ್ಕೆ ಕರೆಯದೆಯೂ ಬರುವುದು ಈಚಿನ ಎರಡು ವರ್ಷಗಳಲ್ಲಷ್ಟೇ ಸಾಧ್ಯವಾಗಿದೆ. ದೊಡ್ಡ ಶಿಬಿರವನ್ನು ಕೈಬಿಟ್ಟು ಇಪ್ಪತ್ತೈದು ಜನರ ಸಣ್ಣ ಶಿಬಿರಗಳನ್ನು ವರ್ಷದುದ್ದಕ್ಕೂ ಹಂಚುತ್ತೇವೆ, ಅದರಲ್ಲಿ ಮೊದಲ ದಿನವನ್ನು ಆಧಾರ್, ಪ್ಯಾನ್‌ನಂಥ ಕಾಗದಪತ್ರಗಳಿಗೇ ಮೀಸಲಿಡುತ್ತೇವೆ ಎಂದು ಹೇಳಿದಾಗ, ಈ ಕೆಲಸದಲ್ಲಿ ನನಗಿಂತ ಹಿರಿಯರೇ "ಇದು ಶಿಬಿರವಲ್ಲ, ನಾಡಕಚೇರಿಯ ಕೌಂಟರ್" ಎಂದಿದ್ದರು. ಅವರಲ್ಲಿ ಇಬ್ಬರು ಈಗ ನಮ್ಮ ನಮೂನೆಯನ್ನೇ ಕೇಳಿ ಪಡೆದಿದ್ದಾರೆ. ಮಕ್ಕಳ ಕಲ್ಯಾಣ ಸಮಿತಿಯ ಅನುಮತಿ, ಸ್ವಯಂಸೇವಕರ ಪೊಲೀಸ್ ಪರಿಶೀಲನೆ, ಹುಡುಗಿಯರ ವಸತಿಯ ವ್ಯವಸ್ಥೆ ಮುಂತಾದವು ಈ ಕೆಲಸ ಮಾಡುವವರಿಗೆಲ್ಲ ಗೊತ್ತಿರುವುದರಿಂದ ಅವುಗಳನ್ನು ಇಲ್ಲಿ ವಿವರಿಸುವುದಿಲ್ಲ.

ಆರಂಭದ ಐದು ದಿನದ ಶಿಬಿರಗಳೆಲ್ಲ ಮೇ ತಿಂಗಳಲ್ಲಿ ನಡೆದವು. ಕಾಲೇಜುಗಳಿಗೆ ರಜೆ, ವಸತಿ ನಿಲಯಗಳು ಖಾಲಿ, ಸಂಪನ್ಮೂಲ ವ್ಯಕ್ತಿಗಳಿಗೂ ಬಿಡುವು. ಎಲ್ಲರೂ ಆ ತಿಂಗಳನ್ನೇ ಆರಿಸುತ್ತಿದ್ದುದಕ್ಕೆ ಕಾರಣ ಅದು. ಐವತ್ತು-ಅರವತ್ತು ಜನ ಸೇರುತ್ತಿದ್ದರು, ಮೂರನೆಯ ದಿನದ ಹೊತ್ತಿಗೆ ಅರ್ಧದಷ್ಟೂ ಉಳಿಯುತ್ತಿರಲಿಲ್ಲ. ನಲವತ್ತು ಡಿಗ್ರಿ ದಾಟುವ ಬಿಸಿಲಿನಲ್ಲಿ, ತಗಡಿನ ಮೇಲ್ಛಾವಣಿಯ ಕೆಳಗೆ ಆತ್ಮವಿಶ್ವಾಸದ ಕುರಿತು ಭಾಷಣ ಕೇಳುವುದು ಯಾರಿಗೂ ಸಾಧ್ಯವಿಲ್ಲವೆಂಬುದು ನಿಜ. ಆದರೆ ಅವರು ಹೊರಟುಹೋಗುತ್ತಿದ್ದುದು ಬಿಸಿಲಿಗಲ್ಲ, ಕೂಲಿಗೆ. ಅಜ್ಜಿಯ ಜೊತೆ ಬೆಳೆದ ಕುಷ್ಟಗಿ ಕಡೆಯ ಹುಡುಗಿಯೊಬ್ಬಳು ಅದನ್ನು ನೇರವಾಗಿಯೇ ಕೇಳಿದಳು: "ಅಕ್ಕಾರ, ಐದು ದಿನ ನಾ ಇಲ್ಲಿ ಕುಂತ್ರ ನಮ್ಮಜ್ಜಿಗೆ ಒಂದೂವರಿ ಸಾವಿರ ಯಾರು ಕೊಡ್ತಾರ್ರೀ?"

ಮರುವರ್ಷ ಆ ಪ್ರಶ್ನೆಗೆ ಹಣದಿಂದಲೇ ಉತ್ತರಿಸಲು ನೋಡಿದೆವು. ದಿನಕ್ಕೆ ಇನ್ನೂರು ರೂಪಾಯಿ ಭತ್ಯೆಯೆಂದು ನಿಗದಿ ಮಾಡಿದ್ದಕ್ಕೆ ಸುಮಾರು ಐವತ್ತು ಸಾವಿರ ರೂಪಾಯಿ ಅದೊಂದಕ್ಕೇ ಖರ್ಚಾಯಿತು. ಬರಬೇಕಾದವರಿಗಿಂತ ಹೆಚ್ಚಾಗಿ ಅವರ ದೊಡ್ಡಪ್ಪ-ಚಿಕ್ಕಪ್ಪಂದಿರ ಮಕ್ಕಳು ಬಂದರು. ಭತ್ಯೆ ಕೈಗೆ ಸಿಕ್ಕ ಮರುಗಳಿಗೆಯೇ ಶಿಬಿರ ಖಾಲಿಯಾಯಿತು. ಉಳಿದದ್ದು ಕಿರಾಣಿ ಅಂಗಡಿಯ ಸಾಲ, ಅದನ್ನು ತೀರಿಸಲು ಎಂಟು ತಿಂಗಳು ಹಿಡಿಯಿತು.

ಆಮೇಲೆ ನಾವು ಬೇಸಾಯದ ಪಂಚಾಂಗವನ್ನು ಮುಂದಿಟ್ಟುಕೊಂಡು ಕುಳಿತೆವು. ಗಂಗಾವತಿ ಭಾಗದಲ್ಲಿ ತುಂಗಭದ್ರೆಯ ಕಾಲುವೆಗೆ ನೀರು ಬಿಟ್ಟ ಮೇಲೆ ಭತ್ತದ ನಾಟಿ ಮುಗಿಯುವವರೆಗೆ ಯಾರನ್ನೂ ಕರೆಯಬಾರದು. ಕುಷ್ಟಗಿ, ಯಲಬುರ್ಗಾ ಭಾಗದಲ್ಲಿ ಹತ್ತಿ ಬೀಜೋತ್ಪಾದನೆಯ ಹೊಲಗಳಲ್ಲಿ ಕ್ರಾಸಿಂಗ್ (ಹೂಗಳಿಗೆ ಕೈಯಿಂದ ಪರಾಗ ಮುಟ್ಟಿಸುವ ಕೆಲಸ) ನಡೆಯುವ ಮಳೆಗಾಲದ ಕೊನೆಯ ತಿಂಗಳುಗಳಲ್ಲಿ ಹುಡುಗಿಯರು ಸಿಗುವುದೇ ಇಲ್ಲ. ಈ ಸೀಮೆಯ ಬಹಳಷ್ಟು ಹಳ್ಳಿಗಳಲ್ಲಿ ಸೋಮವಾರ ಮತ್ತು ಅಮಾವಾಸ್ಯೆಯಂದು ಎತ್ತು ಹೂಡುವುದಿಲ್ಲವಾದ್ದರಿಂದ ಆ ದಿನಗಳಲ್ಲಿ ಕೂಲಿಯೂ ಕಡಿಮೆ. ಹೀಗಾಗಿ ಶನಿವಾರ ಮಧ್ಯಾಹ್ನ ಆರಂಭಿಸಿ ಸೋಮವಾರ ಸಂಜೆ ಮುಗಿಸುವುದೆಂದು ಗೊತ್ತುಮಾಡಿದೆವು. ಅಮಾವಾಸ್ಯೆ ಅದಕ್ಕೆ ಕೂಡಿಬಂದರೆ ಇನ್ನೂ ಒಳ್ಳೆಯದು. ತಪ್ಪುವ ಕೂಲಿ ಹೆಚ್ಚೆಂದರೆ ಒಂದೂವರೆ ದಿನದ್ದು. ಒಂದೇ ತಾಲ್ಲೂಕಿನವರನ್ನು ಅದೇ ತಾಲ್ಲೂಕಿನ ಊರಿನಲ್ಲಿ ಸೇರಿಸುವುದರಿಂದ ಪ್ರಯಾಣದ ಖರ್ಚೂ ಇಳಿಯಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ನಂತರ ಹುಡುಗಿಯರ ಬಸ್ ಖರ್ಚು ಇಲ್ಲವಾಯಿತು, ಆದರೆ ಅದಕ್ಕೂ ಗುರುತಿನ ಚೀಟಿ ಬೇಕು. ಅದಿಲ್ಲದ ಹುಡುಗಿಯರು ಎಷ್ಟು ಮಂದಿ ಇದ್ದಾರೆಂಬುದು ನಮಗೆ ಗೊತ್ತಾದದ್ದೇ ಬಸ್ಸಿನ ಟಿಕೆಟ್ಟಿನ ಲೆಕ್ಕ ಬರೆಯುವಾಗ.

ಕಾಗದಪತ್ರದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಹೆಚ್ಚಿನವರು ಸಂದೇಹಪಟ್ಟದ್ದು ಇದನ್ನೇ. ಆಧಾರ್‌ನಲ್ಲಿ ಹದಿನೈದು ತುಂಬಿದಾಗ ಬೆರಳಚ್ಚು ಮತ್ತು ಕಣ್ಣಿನ ಗುರುತನ್ನು ಕಡ್ಡಾಯವಾಗಿ ನವೀಕರಿಸಬೇಕು. ಕರೆದುಕೊಂಡು ಹೋಗುವ ಹಿರಿಯರಿಲ್ಲದ ಮಕ್ಕಳಿಗೆ ಅದು ಆಗಿರುವುದಿಲ್ಲ, ಇಟ್ಟಂಗಿ ಭಟ್ಟಿಯಲ್ಲಿ ದುಡಿದವರ ಬೆರಳಚ್ಚಂತೂ ಯಂತ್ರಕ್ಕೆ ಹತ್ತುವುದೇ ಇಲ್ಲ. ಆಧಾರ್ ಸರಿಯಿಲ್ಲದಿದ್ದರೆ ಬ್ಯಾಂಕ್ ಖಾತೆ ಜೋಡಣೆಯಾಗುವುದಿಲ್ಲ. ಖಾತೆ ಜೋಡಣೆಯಾಗದಿದ್ದರೆ, ಬಾಲಮಂದಿರದಿಂದ ಹದಿನೆಂಟು ತುಂಬಿ ಹೊರಬಂದವರಿಗೆ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ಸಿಗಬಹುದಾದ ತಿಂಗಳಿಗೆ 4,000 ರೂಪಾಯಿಯ ನೆರವು ಮಂಜೂರಾದರೂ ಕೈಸೇರುವುದಿಲ್ಲ. ದೇವದಾಸಿ ತಾಯಂದಿರ ಮಕ್ಕಳದು ಬೇರೆಯೇ ಕಷ್ಟ. ಆ ಪದ್ಧತಿಯನ್ನು ನಿಷೇಧಿಸುವ ರಾಜ್ಯದ ಕಾಯ್ದೆ 1982ರಲ್ಲೇ ಬಂದಿತ್ತು. ಇಂದಿಗೂ ಅರ್ಜಿಯ ತಂದೆಯ ಹೆಸರಿನ ಅಂಕಣದ ಮುಂದೆ ಆ ಮಕ್ಕಳು ಪೆನ್ನು ಹಿಡಿದು ಸುಮ್ಮನೆ ಕುಳಿತುಬಿಡುತ್ತಾರೆ. ತಾಯಿಯೊಬ್ಬಳೇ ಬೆಳೆಸಿದ್ದರೆ ಪ್ಯಾನ್ ಅರ್ಜಿಯಲ್ಲಿ ತಂದೆಯ ಹೆಸರು ಕಡ್ಡಾಯವಲ್ಲವೆಂಬ ನಿಯಮ 2018ರ ಡಿಸೆಂಬರ್‌ನಿಂದಲೂ ಇದೆ ಎಂದು ಹೇಳಿ, ಅಲ್ಲೇ ಕೂತು ಅರ್ಜಿ ತುಂಬಿಸಿದಾಗ ಅವರ ಮುಖದಲ್ಲಿ ಕಂಡ ನೆಮ್ಮದಿಯನ್ನು ಯಾವ ಭಾಷಣದ ನಂತರವೂ ನಾನು ಕಂಡಿಲ್ಲ.

ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದವರೆಂದು ತೋರಿಸುವ ಪ್ರಮಾಣಪತ್ರಕ್ಕೆ ಇನ್ನೂ ಹೆಚ್ಚು ಓಡಾಟವಿದೆ. ಅದರಿಂದ ಸಿಗುವ ಸ್ಥಳೀಯ ಮೀಸಲಾತಿ ಈ ಮಕ್ಕಳಿಗೆ ನಿಜಕ್ಕೂ ದೊಡ್ಡ ಬಾಗಿಲು, ಆದರೆ ಉಪವಿಭಾಗಾಧಿಕಾರಿ ಕಚೇರಿಗೆ ಸಲ್ಲಿಸಬೇಕಾದ ವ್ಯಾಸಂಗ ಮತ್ತು ವಾಸದ ದಾಖಲೆಗಳು ಮೂರ್ನಾಲ್ಕು ಶಾಲೆ ಬದಲಿಸಿದ ಮಗುವಿನ ಬಳಿ ಇರುವುದಿಲ್ಲ. ಅವನ್ನು ಒಟ್ಟುಗೂಡಿಸಲು ನಾವು ರೂಪಿಸಿಕೊಂಡ ಕ್ರಮವೊಂದಿದೆ. ಮೊದಲು ಯಾವ ಶಾಲೆಗೆ, ಯಾವ ಹೊತ್ತಿಗೆ, ಯಾರನ್ನು ಕರೆದುಕೊಂಡು ಹೋಗಬೇಕೆಂಬುದೆಲ್ಲ ಅದರಲ್ಲಿ ಸೇರಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನಮ್ಮ ಜೊತೆ ಎರಡು ಶಿಬಿರಗಳಲ್ಲಿ ದುಡಿದವರಿಗೆ ಹೇಳಿಕೊಡುತ್ತೇವೆ.

ಖರ್ಚಿನ ಲೆಕ್ಕ ನೆನಪಿನಿಂದ ಹೇಳುವುದಾದರೆ, ಮೊದಲಿನ ಐದು ದಿನದ ಶಿಬಿರಕ್ಕೆ ಎರಡು ಲಕ್ಷದ ಹತ್ತಿರ ಬೀಳುತ್ತಿತ್ತು. ಈಗಿನ ಒಂದು ಶಿಬಿರ ಮೂವತ್ತರಿಂದ ಮೂವತ್ತೈದು ಸಾವಿರದೊಳಗೆ ಮುಗಿಯುತ್ತದೆ. ಕೇಟರಿಂಗ್ ಬಿಟ್ಟದ್ದೇ ದೊಡ್ಡ ಉಳಿತಾಯ. ಅಕ್ಕಿ ಗಂಗಾವತಿಯ ಗಿರಣಿ ಮಾಲೀಕರೊಬ್ಬರಿಂದ ಬರುತ್ತದೆ; ಜೋಳ, ತೊಗರಿಬೇಳೆ, ಶೇಂಗಾ ಹಿಂಡಿ (ಚಟ್ನಿಪುಡಿ) ಊರಿನವರಿಂದ; ಅಡುಗೆಯನ್ನು ಸರದಿಯ ಮೇಲೆ ಶಿಬಿರಾರ್ಥಿಗಳೇ ಮಾಡುತ್ತಾರೆ. ಹುಡುಗರಿಗೆ ರೊಟ್ಟಿ ಬಡಿಯಲು ಹಚ್ಚಿದ್ದು ಒಂದು ಪ್ರಯೋಗವಾಗಿ, ಅದೀಗ ಕಾಯಂ ಆಗಿದೆ; ಒಲೆಯ ಮುಂದೆ ಕೂತಾಗ ಹೊರಬರುವ ಮಾತುಗಳು ವೃತ್ತಾಕಾರದಲ್ಲಿ ಕುರ್ಚಿ ಹಾಕಿ ಕೂರಿಸಿದಾಗ ಬರುವುದಿಲ್ಲ.

ದೊಡ್ಡ ಮೊತ್ತದ ದಾನಿಯೊಬ್ಬರನ್ನು ನಾವು ಕಳೆದುಕೊಂಡದ್ದು ಫೋಟೊದ ಕಾರಣಕ್ಕೆ. ಮಕ್ಕಳು ಬ್ಯಾನರ್ ಹಿಡಿದು ನಿಂತ ಚಿತ್ರ ಪತ್ರಿಕೆಯಲ್ಲಿ ಬರಬೇಕೆಂದು ಅವರು ಪಟ್ಟು ಹಿಡಿದರು. ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳ ಗುರುತನ್ನು ಮಾಧ್ಯಮದಲ್ಲಿ ಬಹಿರಂಗಪಡಿಸುವುದು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನ ಪ್ರಕಾರ ಅಪರಾಧ. ಕಾಯ್ದೆ ಇರದಿದ್ದರೂ ನಾವು ಒಪ್ಪುತ್ತಿರಲಿಲ್ಲ. ಈಗ ನೂರು, ಇನ್ನೂರು ಕೊಡುವ ಎಂಬತ್ತು-ತೊಂಬತ್ತು ಜನರಿದ್ದಾರೆ. ಅವರಿಗೆ ಚಿತ್ರ ಕಳುಹಿಸುವುದಿಲ್ಲ, ಖರ್ಚಿನ ರಸೀದಿಗಳನ್ನು ಕಳುಹಿಸುತ್ತೇವೆ.

ಕೌಶಲದ ಪ್ರಯೋಗಗಳಲ್ಲಿ ಕೆಲವು ನಿಂತವು, ಕೆಲವು ಬಿದ್ದವು. ಮೇಣದಬತ್ತಿ, ಅಗರಬತ್ತಿ ತಯಾರಿಕೆಯಿಂದ ಯಾರಿಗೂ ಊಟ ಹುಟ್ಟಲಿಲ್ಲ. ಕಿನ್ನಾಳದ ಮರದ ಬೊಂಬೆಗಳ ಕಲೆಯನ್ನು ಮೂರು ದಿನದಲ್ಲಿ ಪರಿಚಯಿಸಬಹುದೇ ಹೊರತು ಕಲಿಸಲಾಗದು. ಆದರೂ ಒಬ್ಬ ಹುಡುಗ ಅಲ್ಲಿನ ಕಲಾವಿದರ ಮನೆಗೆ ಹೋಗಿ ಕಲಿಯುತ್ತಿದ್ದಾನೆ. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳಿಗೆ ಒಂದು ದಿನದ ಭೇಟಿ ಮಾತ್ರ ಚೆನ್ನಾಗಿ ಫಲಿಸಿತು. ಯಂತ್ರದ ಮುಂದೆ ಕೂರಿಸಿ, ತುಂಡಿಗೆ ಎಷ್ಟು ಕೂಲಿ, ಬಾಡಿಗೆ ಕೋಣೆಗೆ ಎಷ್ಟು, ಕೈಯಲ್ಲಿ ಉಳಿಯುವುದೆಷ್ಟು ಎಂದು ಅವರಿಂದಲೇ ಲೆಕ್ಕ ಬರೆಸಿದೆವು. ಲೆಕ್ಕ ನೋಡಿ ಅರ್ಧ ಜನ ಬೇಡವೆಂದರು, ಐದಾರು ಜನ ಸೇರಿಕೊಂಡರು, ಆ ಐದಾರು ಜನ ಇಂದಿಗೂ ಅಲ್ಲೇ ದುಡಿಯುತ್ತಿದ್ದಾರೆ.

ಎರಡು ವರ್ಷಗಳಲ್ಲಿ ಸುಮಾರು ನೂರಿಪ್ಪತ್ತು ಜನ ಬಂದಿದ್ದಾರೆ. ತೊಂಬತ್ತರಷ್ಟು ಜನರ ದಾಖಲೆಗಳು ಸರಿಯಾಗಿವೆ. ಮೂವತ್ತು-ನಲವತ್ತು ಜನ ಐಟಿಐ, ನರ್ಸಿಂಗ್, ಡಿಪ್ಲೊಮಾ ಸೇರಿದ್ದಾರೆ. ಇಷ್ಟು ಕಡಿಮೆ ಹಣದಲ್ಲಿ ಈ ಫಲವನ್ನು ನಮ್ಮ ಸುತ್ತಲಿನ ಬೇರೆ ಯಾವ ಶಿಬಿರದಲ್ಲೂ ನಾನು ಕಂಡಿಲ್ಲ. ಈಗ ಶಿಬಿರ ನಡೆಸುವವರಲ್ಲಿ ಮೂವರು ಹಿಂದೆ ಶಿಬಿರಾರ್ಥಿಗಳಾಗಿದ್ದವರು. ಆಧಾರ್ ಕೇಂದ್ರದ ಸರತಿಯಲ್ಲಿ ನಿಲ್ಲುವುದರಿಂದ ಹಿಡಿದು ರಾತ್ರಿ ಕಾವಲಿನವರೆಗೆ ಅವರೇ ನೋಡಿಕೊಳ್ಳುತ್ತಾರೆ.

ಸಿಂಧನೂರು, ಮಾನ್ವಿ ಕಡೆಯ ಗೆಳೆಯರು ನಮ್ಮ ವೇಳಾಪಟ್ಟಿಯನ್ನು ಹಾಗೆಯೇ ಬಳಸಬಹುದೇ ಎಂದು ಕೇಳಿದ್ದಾರೆ. ಬಳಸಲಾಗದು. ಅವರದು ಕಾಲುವೆ ನೀರಿನ ಭತ್ತದ ಸೀಮೆ, ಮಗ್ಗುಲಲ್ಲೇ ಹತ್ತಿ ಬಿಡಿಸುವ, ಮೆಣಸಿನಕಾಯಿ ಕೀಳುವ ಹಂಗಾಮುಗಳೂ ಬರುತ್ತವೆ. ತಮ್ಮ ಊರಿನ ಕೂಲಿ ಮೇಸ್ತ್ರಿಗಳನ್ನು ಕೂರಿಸಿಕೊಂಡು ಯಾವ ವಾರ ಕೆಲಸವಿರುವುದಿಲ್ಲವೆಂದು ಕೇಳಿ ಬರೆದುಕೊಂಡರೆ ಅರ್ಧ ಗಂಟೆಯಲ್ಲಿ ಅವರದೇ ಪಟ್ಟಿ ಸಿದ್ಧವಾಗುತ್ತದೆ. ಸಭಾಂಗಣವನ್ನು ಅದಾದ ಮೇಲೆ ಗೊತ್ತುಮಾಡಿಕೊಳ್ಳಲಿ.