ಹುಡುಕಿದ್ದು ಹೆಸರಿನ ಕಾಲಮ್, ಸಿಕ್ಕಿದ್ದು ತಂದೆಯ ಹೆಸರು

ಕಲಬುರಗಿ ಜಿಲ್ಲೆಯ ಆಳಂದ ಕಡೆ ಒಂದು ರೈತರ ಸಂಘದ ಲೆಕ್ಕ ನಾನು ನೋಡಿಕೊಳ್ಳುತ್ತೇನೆ. ತೊಗರಿ ರಾಶಿ ಶುರುವಾಯಿತೆಂದರೆ ಒಂದೊಂದು ಊರಿಂದ ಒಂದೊಂದು ಎಕ್ಸೆಲ್ ಫೈಲ್ ಬರುತ್ತದೆ. ರೈತರ ಹೆಸರು, ತಂದೆಯ ಹೆಸರು, ಸರ್ವೆ ನಂಬರ್, ಎಕರೆ, ತಳಿ, ಕ್ವಿಂಟಲ್, ಮೊಬೈಲ್, ಬ್ಯಾಂಕ್ ಖಾತೆ. ಇವನ್ನೆಲ್ಲ ಸೇರಿಸಿ ಒಂದೇ ಪಟ್ಟಿ ಮಾಡುವುದು ನನ್ನ ಕೆಲಸ. ಯಾವ ಎರಡು ಊರಿನ ಫೈಲಿನಲ್ಲೂ ಕಾಲಮ್‌ಗಳು ಒಂದೇ ಕ್ರಮದಲ್ಲಿ ಇರುವುದಿಲ್ಲ.

ಮೊದಮೊದಲು ಕಾಲಮ್ ನಂಬರ್ ನೋಡಿ ಕೋಡ್ ಬರೆಯುತ್ತಿದ್ದೆ. ಎರಡನೆಯದು ಹೆಸರು, ಏಳನೆಯದು ಮೊಬೈಲ್ ಅಂತ. ಮಧ್ಯೆ ಯಾರೋ ಒಂದು ಕಾಲಮ್ ತೂರಿಸಿದರೆ ಎಲ್ಲವೂ ಒಂದು ಮನೆ ಪಕ್ಕಕ್ಕೆ ಸರಿಯುತ್ತಿತ್ತು. ಹಾಗಾಗಿ ವಿಬಿಎ ಮ್ಯಾಕ್ರೊದಲ್ಲಿ, ಅಂದರೆ ಎಕ್ಸೆಲ್ ಒಳಗೇ ಬರೆಯುವ ಕೋಡ್‌ನಲ್ಲಿ, ಪದ ಹುಡುಕಿಕೊಡುವ ಫೈಂಡ್ ಬಳಸಿದೆ. ಮೊದಲ ಸಾಲಿನಲ್ಲಿ 'ಹೆಸರು' ಅಂತ ಹುಡುಕು, ಸಿಕ್ಕ ಸೆಲ್‌ನ ಕಾಲಮ್ ತೆಗೆದುಕೋ. ಹನ್ನೊಂದು ಊರಿನ ಫೈಲುಗಳು ಸರಿಯಾಗಿ ಬಂದವು. ಹನ್ನೆರಡನೆಯದರಲ್ಲಿ ರೈತರ ಹೆಸರಿನ ಜಾಗಕ್ಕೆ ಅವರ ತಂದೆಯರ ಹೆಸರು ಬಂದು ಕೂತಿತ್ತು.

ಅದು ನನಗೆ ಗೊತ್ತಾಗಿದ್ದು ಪಟ್ಟಿ ಗೋಡೆಗೆ ಅಂಟಿಸಿದ ಮೇಲೆ. ವಯಸ್ಸಾದ ರೈತರೊಬ್ಬರು ಬೆರಳಿಟ್ಟು ಒಂದೊಂದೇ ಸಾಲು ಓದುತ್ತಾ ಬಂದರು. ಒಂದು ಕಡೆ ನಿಂತುಬಿಟ್ಟರು. ಅಲ್ಲಿದ್ದದ್ದು ಎಷ್ಟೋ ವರ್ಷಗಳ ಹಿಂದೆ ತೀರಿಕೊಂಡ ಅವರ ಅಪ್ಪನ ಹೆಸರು. ಅವರು ಜೋರು ಮಾಡಲಿಲ್ಲ. ಇದು ಹೇಗೆ ಬಂತು ಅಂತಷ್ಟೇ ಕೇಳಿದರು. ಪಟ್ಟಿ ಇನ್ನೂ ಬ್ಯಾಂಕಿಗೆ ಹೋಗಿರಲಿಲ್ಲ, ಅಷ್ಟು ಸಮಾಧಾನ. ಆದರೆ ಅವರ ಮುಖ ನನ್ನ ಕಣ್ಣ ಮುಂದಿಂದ ಹೋಗಲಿಲ್ಲ. ಆ ರಾತ್ರಿ ಕಾರಣ ಹುಡುಕಲು ಕೂತೆ.

ಕಾರಣ ಎರಡು. ಒಂದು, ಹುಡುಕಿದ ಪದ ಸೆಲ್‌ನಲ್ಲಿ ಪೂರ್ತಿ ಇರಬೇಕೋ, ಒಂದು ಭಾಗ ಇದ್ದರೂ ಸಾಕೋ ಅಂತ ಫೈಂಡ್‌ಗೆ ಲುಕ್‌ಆಟ್ ಮೂಲಕ ಹೇಳಬೇಕು. ನಾನು ಹೇಳಿರಲಿಲ್ಲ. ಹೇಳದಿದ್ದರೆ ಎಕ್ಸೆಲ್ ಹಿಂದಿನ ಸಲ ಬಳಸಿದ ಸೆಟ್ಟಿಂಗನ್ನೇ ಹಿಡಿದುಕೊಳ್ಳುತ್ತದೆ. ಕೈಯಿಂದ ಕಂಟ್ರೋಲ್ ಎಫ್ ಒತ್ತಿ ಹುಡುಕಿದ್ದರೂ ಅದೇ ಉಳಿದಿರುತ್ತದೆ. ಹಾಗಾಗಿ 'ತಂದೆಯ ಹೆಸರು' ಕೂಡ 'ಹೆಸರು' ಎಂಬ ಹುಡುಕಾಟಕ್ಕೆ ಸಿಗುತ್ತಿತ್ತು. ಎರಡು, ಫೈಂಡ್ ಮೊದಲ ಸೆಲ್‌ನಿಂದ ಶುರುವಾಗುವುದಿಲ್ಲ. ಅದರ ಮುಂದಿನ ಸೆಲ್‌ನಿಂದ ಶುರು ಮಾಡಿ, ಒಂದು ಸುತ್ತು ಹಾಕಿ, ಮೊದಲ ಸೆಲ್ಲನ್ನು ಕೊನೆಗೆ ನೋಡುತ್ತದೆ. ಹನ್ನೊಂದು ಊರುಗಳ ಫೈಲಿನಲ್ಲಿ ಮೊದಲ ಕಾಲಮ್ ಕ್ರಮಸಂಖ್ಯೆ, ಎರಡನೆಯದು ಹೆಸರು. ಹಾಗಾಗಿ ಏನೂ ಆಗಲಿಲ್ಲ. ಹನ್ನೆರಡನೆಯ ಊರಿನವರು ಕ್ರಮಸಂಖ್ಯೆಯನ್ನೇ ಹಾಕಿರಲಿಲ್ಲ. ಹೆಸರು ಮೊದಲ ಸೆಲ್‌ನಲ್ಲಿತ್ತು, ತಂದೆಯ ಹೆಸರು ಎರಡನೆಯದರಲ್ಲಿ. ಕೋಡ್ ಎರಡನೆಯದನ್ನು ಮೊದಲು ಕಂಡಿತು.

ತಂದೆಯ ಹೆಸರಿನ ಕಾಲಮ್ ತೆಗೆದುಬಿಡಿ ಅಂತ ನೀವು ಹೇಳಬಹುದು. ಅದು ಆಗದ ಮಾತು. ನಮ್ಮ ಕಡೆ ಒಂದು ಊರಲ್ಲಿ ಎಷ್ಟು ಜನ ಶರಣಪ್ಪ, ಎಷ್ಟು ಜನ ಬಸವರಾಜ ಇರುತ್ತಾರೆ ಅಂತ ನಿಮಗೂ ಗೊತ್ತು ಅಲ್ವಾ? ಅಪ್ಪನ ಹೆಸರು ಇಲ್ಲದಿದ್ದರೆ ಯಾರ ದುಡ್ಡು ಯಾರಿಗೆ ಅಂತ ಹೇಳಲಾಗದು.

ಲುಕ್‌ಆಟ್‌ಗೆ ಎಕ್ಸ್‌ಎಲ್‌ಹೋಲ್ (ಸೆಲ್ ಪೂರ್ತಿ ಹೊಂದಬೇಕು ಅಂತ) ಕೊಟ್ಟು, ಹುಡುಕಾಟ ಸಾಲಿನ ಕೊನೆಯ ಸೆಲ್‌ನ ನಂತರ ಶುರುವಾಗಲಿ ಅಂತ ಬರೆದರೆ ಆ ತಪ್ಪು ಹೋಗುತ್ತದೆ. ಆದರೆ ನನಗೆ ಅಷ್ಟು ಸಾಕಾಗಲಿಲ್ಲ. ಪೈಥಾನ್ ಭಾಷೆ ಮತ್ತು ಅದರಲ್ಲಿ ಎಕ್ಸೆಲ್ ಫೈಲ್ ಓದಿಕೊಡುವ ಓಪನ್‌ಪೈಎಕ್ಸ್‌ಎಲ್ ಹಿಡಿದು ಹೊಸದಾಗಿ ಬರೆದೆ.

ಮೊದಲ ಕೆಲಸ, ಶೀರ್ಷಿಕೆಯ ಸಾಲು ಯಾವುದು ಅಂತ ಕಂಡುಹಿಡಿಯುವುದು. ಎಷ್ಟೋ ಫೈಲುಗಳಲ್ಲಿ ಮೇಲಿನ ಮೂರ್ನಾಲ್ಕು ಸಾಲು ಊರ ಹೆಸರು, ವರ್ಷ ಅಂತ ಸೆಲ್‌ಗಳನ್ನು ಮರ್ಜ್ ಮಾಡಿ ಬರೆದಿರುತ್ತಾರೆ. ಮರ್ಜ್ ಆದ ಜಾಗದಲ್ಲಿ ಎಡಗಡೆ ಮೇಲಿನ ಸೆಲ್‌ನಲ್ಲಿ ಮಾತ್ರ ಬರಹ ಇರುತ್ತದೆ, ಉಳಿದವು ಖಾಲಿ. ನಾನು ಮೊದಲ 15 ಸಾಲು ಓದುತ್ತೇನೆ. ಪ್ರತಿ ಸಾಲಿನಲ್ಲಿ ನನಗೆ ಗೊತ್ತಿರುವ ಪದಗಳು ಎಷ್ಟು ಸಿಕ್ಕವು ಅಂತ ಎಣಿಸುತ್ತೇನೆ. ಜಾಸ್ತಿ ಸಿಕ್ಕ ಸಾಲೇ ಶೀರ್ಷಿಕೆ. ಮೂರಕ್ಕಿಂತ ಕಡಿಮೆ ಸಿಕ್ಕರೆ ಕೋಡ್ ಅಲ್ಲೇ ನಿಲ್ಲುತ್ತದೆ. ಒಂದೊಂದು ಕಾಲಮ್‌ಗೂ ಬೇರೆ ಬೇರೆ ಹೆಸರುಗಳ ಪಟ್ಟಿ ಇಟ್ಟಿದ್ದೇನೆ. ಮೊಬೈಲ್, ಮೊ. ನಂ., ಫೋನ್, ದೂರವಾಣಿ, ಎಲ್ಲವೂ ಒಂದೇ.

ಇಲ್ಲಿ ಕನ್ನಡದ್ದೇ ಒಂದು ತೊಡಕು ಬಂತು. ಕಣ್ಣಿಗೆ 'ಮೊಬೈಲ್' ಅಂತಲೇ ಕಾಣುತ್ತದೆ, ಕೋಡ್ ಮಾತ್ರ ಇಲ್ಲ ಅನ್ನುತ್ತದೆ. ಕೆಲವು ಕೀಬೋರ್ಡ್‌ಗಳು ಅರ್ಧ ಅಕ್ಷರದ ಕೊನೆಗೆ ಕಾಣದ ಒಂದು ಗುರುತು ಸೇರಿಸುತ್ತವೆ. ಜೀರೋ ವಿಡ್ತ್ ನಾನ್ ಜಾಯಿನರ್ ಅಂತ ಅದರ ಹೆಸರು. ಪದದ ಅಂಚಿನ ಖಾಲಿ ಜಾಗ ತೆಗೆಯುವ ಪೈಥಾನ್‌ನ ಸ್ಟ್ರಿಪ್ ಅದನ್ನು ತೆಗೆಯುವುದಿಲ್ಲ, ಯಾಕೆಂದರೆ ಅದು ಖಾಲಿ ಜಾಗ ಅಲ್ಲ. ಇನ್ನೊಂದು ಸಂಗತಿ, 'ಕೋ' ಅಕ್ಷರದ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಗುರುತಾಗಿಯೂ ಬರೆಯಬಹುದು, ಒತ್ವ ಮತ್ತು ದೀರ್ಘ ಅಂತ ಎರಡಾಗಿಯೂ ಬರೆಯಬಹುದು. ನೋಡಲು ಒಂದೇ, ಹೋಲಿಸಿದರೆ ಬೇರೆ. ಹೋಲಿಸುವ ಮೊದಲು ಎರಡೂ ಕಡೆಯ ಪದವನ್ನು ಎನ್‌ಎಫ್‌ಸಿ ರೂಪಕ್ಕೆ (ಇಂಥ ಎರಡು ಗುರುತು ಒಂದಾಗುವ ರೂಪ) ತಂದು, ಕಾಣದ ಗುರುತು ತೆಗೆದರೆ ಸರಿಹೋಗುತ್ತದೆ. ಇದನ್ನು ಹೋಲಿಕೆಗೆ ಮಾತ್ರ ಮಾಡಿ. ರೈತರ ಹೆಸರಿನೊಳಗಿನ ಗುರುತು ತೆಗೆಯಬೇಡಿ, ಅಕ್ಷರ ಒತ್ತಾಗಿ ಕೆಳಗೆ ಇಳಿದು ಹೆಸರೇ ಬೇರೆ ಥರ ಕಾಣುತ್ತದೆ.

ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲುಗಳೂ ಬರುತ್ತವೆ. ಪರದೆಯ ಮೇಲೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ರಾಶಿ. ಅಲ್ಲಿ ಶೀರ್ಷಿಕೆ ನಂಬಿ ಏನೂ ಆಗದು. ಆಗಲೇ ನನಗೆ ಹೊಳೆದದ್ದು, ಶೀರ್ಷಿಕೆ ಬಿಟ್ಟು ಕೆಳಗಿನ ಸೆಲ್‌ಗಳನ್ನೇ ಕೇಳಬಹುದಲ್ಲ ಅಂತ.

ಸೆಲ್‌ನೊಳಗೆ ಬರೆದದ್ದಕ್ಕೆ ಒಂದು ಆಕಾರ ಇರುತ್ತದೆ. ಮೊಬೈಲ್ ಅಂದರೆ 10 ಅಂಕಿ, ಮೊದಲನೆಯದು 6ರಿಂದ 9ರ ಒಳಗೆ. ಬ್ಯಾಂಕ್ ಶಾಖೆಯ ಐಎಫ್‌ಎಸ್‌ಸಿ ಕೋಡ್ ಅಂದರೆ 11 ಅಕ್ಷರ, ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಐದನೆಯದು ಸೊನ್ನೆ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಪಿನ್‌ಕೋಡ್ 585ರಿಂದ ಶುರುವಾಗುತ್ತದೆ. ನನಗೆ ಬಲು ಇಷ್ಟವಾದದ್ದು ಎಕರೆಯ ಕಾಲಮ್. ನಾವು 2 ಎಕರೆ 10 ಗುಂಟೆಯನ್ನು 2.10 ಅಂತ ಬರೆಯುತ್ತೇವೆ. ಎಕರೆಗೆ 40 ಗುಂಟೆ, ಹಾಗಾಗಿ ಚುಕ್ಕಿಯ ನಂತರ 39 ದಾಟುವಂತಿಲ್ಲ. ಪಕ್ಕದ ಕ್ವಿಂಟಲ್ ಕಾಲಮ್‌ನಲ್ಲಿ 4.75, 12.60 ಬರುತ್ತವೆ. ಎರಡು ಕಾಲಮ್‌ಗಳ ನಡುವೆ ಅನುಮಾನ ಬಂದಾಗ ಈ ಒಂದು ಪರೀಕ್ಷೆ ಎಷ್ಟೋ ಸಲ ಬಿಡಿಸಿದೆ.

ಒಂದೇ ಸೆಲ್ ಸಿಕ್ಕಿತು ಅಂತ ಕಾಲಮ್ ತೀರ್ಮಾನ ಮಾಡಬಾರದು. ಇದನ್ನು ಕಲಿಸಿದ್ದು ತೊಗರಿ ತಳಿಯ ಕಾಲಮ್. ಟಿಎಸ್-3ಆರ್, ಜಿಆರ್‌ಜಿ-811, ಮಾರುತಿ, ಇವು ನಮ್ಮಲ್ಲಿ ಬಿತ್ತುವ ತಳಿಗಳು. ಈ ಪದಗಳು ಸಿಕ್ಕ ಕಾಲಮ್ಮೇ ತಳಿಯ ಕಾಲಮ್ ಅಂತ ಬರೆದಿದ್ದೆ. ಕೋಡ್ ಹೋಗಿ ರೈತರ ಹೆಸರಿನ ಕಾಲಮ್ ತೋರಿಸಿತು. ಆ ಊರಲ್ಲಿ ಮಾರುತಿ ಅನ್ನುವ ರೈತರು ಇದ್ದರು! ಈಗ ಮತ ಎಣಿಸುತ್ತೇನೆ. ಖಾಲಿ ಸೆಲ್ ಬಿಟ್ಟು ಉಳಿದವುಗಳಲ್ಲಿ ನೂರಕ್ಕೆ 80 ಆಕಾರಕ್ಕೆ ಹೊಂದಿದರೆ ಮಾತ್ರ ಆ ಕಾಲಮ್. ಎರಡು ಕಾಲಮ್ ಗೆದ್ದರೆ, ಅಂದರೆ ರೈತರದ್ದೊಂದು ಮಗನದ್ದೊಂದು ಮೊಬೈಲ್ ಇದ್ದರೆ, ಕೋಡ್ ಆರಿಸುವುದಿಲ್ಲ. ನನ್ನನ್ನು ಕೇಳುತ್ತದೆ. ನಾನು ಊರಿಗೆ ಫೋನ್ ಮಾಡುತ್ತೇನೆ. ಸುಮ್ನೆ ಊಹೆ ಮಾಡುವ ಕೋಡ್ ನನಗೆ ಬೇಡ.

ಪಟ್ಟಿ ಓದಲು ಪೈಥಾನ್‌ನ ಪಾಂಡಾಸ್ ಬಳಸುವವರಿಗೆ ಒಂದು ಮಾತು. ಮೊಬೈಲ್ ಕಾಲಮ್‌ನಲ್ಲಿ ಒಂದೇ ಸೆಲ್ ಖಾಲಿ ಇದ್ದರೂ ಅದು ಇಡೀ ಕಾಲಮ್ಮನ್ನು ದಶಮಾಂಶ ಮಾಡುತ್ತದೆ. ಕೊನೆಗೆ '.0' ಸೇರಿ 10 ಅಂಕಿಯ ಪರೀಕ್ಷೆ ಬಿದ್ದುಹೋಗುತ್ತದೆ. ಓದುವಾಗಲೇ ಎಲ್ಲವೂ ಪಠ್ಯ ಅಂತ ಹೇಳಿ.

ಕೋಡ್ ಸರಿಪಡಿಸಲಾಗದ್ದೂ ಇದೆ. ಸರ್ವೆ ನಂಬರ್ 12/2 ಅಂತ ಹೊಡೆದರೆ ಎಕ್ಸೆಲ್ ಅದನ್ನು ತಾರೀಖು ಮಾಡುತ್ತದೆ. ಖಾತೆ ನಂಬರ್ 16 ಅಂಕಿ ಇದ್ದರೆ ಕೊನೆಯದು ಸೊನ್ನೆಯಾಗುತ್ತದೆ, ಯಾಕೆಂದರೆ ಎಕ್ಸೆಲ್ ಸಂಖ್ಯೆಯಲ್ಲಿ 15 ಅಂಕಿ ಮಾತ್ರ ಉಳಿಸಿಕೊಳ್ಳುತ್ತದೆ. 2.10 ಕೂಡ 2.1 ಆಗುತ್ತದೆ. ಇಂಥ ಸೆಲ್ ಕಂಡರೆ ನನ್ನ ಕೋಡ್ ಬಣ್ಣ ಹಚ್ಚಿ ಫೈಲ್ ವಾಪಸ್ ಕಳಿಸಲು ಹೇಳುತ್ತದೆ. ಊರಲ್ಲಿ ಟೈಪ್ ಮಾಡುವ ಹುಡುಗರಿಗೆ ಈಗ ಮೊದಲೇ ಆ ಕಾಲಮ್‌ಗಳನ್ನು ಟೆಕ್ಸ್ಟ್ ಮಾಡಿಟ್ಟ ಖಾಲಿ ಫೈಲ್ ಕೊಡುತ್ತೇನೆ.

ಹನ್ನೆರಡನೆಯ ಊರಿನ ಫೈಲಿಗೆ ಈಗಲೂ ಕ್ರಮಸಂಖ್ಯೆ ಇಲ್ಲ. ಹಾಕಿ ಅಂತ ನಾನು ಹೇಳಿಯೂ ಇಲ್ಲ. ಕೋಡ್‌ನಲ್ಲಿ ಒಂದು ಸಾಲು ಬದಲಿಸಿದರೂ ಮೊದಲು ಆ ಫೈಲಿನ ಮೇಲೇ ಓಡಿಸುತ್ತೇನೆ. ಆ ಹಿರಿಯರ ಸಾಲಿಗೆ ಹೋಗಿ, ಅವರ ಹೆಸರು ಅವರ ಜಾಗದಲ್ಲಿದೆಯಾ ಅಂತ ನೋಡಿದ ಮೇಲೆಯೇ ಉಳಿದ ಊರುಗಳ ಫೈಲ್ ತೆರೆಯುತ್ತೇನೆ.