ಖರ್ಚಿನ ಪುಸ್ತಕದಲ್ಲಿ ಒಂದು ಹೊಸ ಕಾಲಂ

ನನ್ನದು ಮನೆಯಲ್ಲೇ ಕೂತು ಲೆಕ್ಕಪತ್ರ ನೋಡುವ ಕೆಲಸ. ಮೈಸೂರಿನ ಕೆಲವು ಅಂಗಡಿಗಳಿಗೆ, ಒಂದೆರಡು ಸಣ್ಣ ವರ್ಕ್‌ಶಾಪ್‌ಗಳಿಗೆ ಜಿಎಸ್‌ಟಿ ರಿಟರ್ನ್ ಹಾಕಿಕೊಡುತ್ತೇನೆ. ಈ ಕೆಲಸದವರಿಗೆ ತಿಂಗಳು ಅಂದರೆ ಎರಡೇ ತಾರೀಖು, 11 ಮತ್ತು 20. 11ರೊಳಗೆ ಮಾರಾಟದ ವಿವರ ಹೋಗಬೇಕು, 20ರೊಳಗೆ ತೆರಿಗೆ ಕಟ್ಟಿ 3ಬಿ ಅನ್ನುವ ರಿಟರ್ನ್ ಹಾಕಬೇಕು. ತಡವಾದರೆ ದಿನಕ್ಕಿಷ್ಟು ಅಂತ ದಂಡ ಬೀಳುತ್ತದೆ. ಅಂಗಡಿಯವರು ಬಿಲ್ ಕಳಿಸುವುದು ಮಾತ್ರ ಕೊನೆಯ ರಾತ್ರಿಗೇ.

ಮಗಳು ಕೆಲಸಕ್ಕೆ ಪುಣೆಗೆ ಹೋದ ಮೇಲೆ ಮನೆ ತುಂಬಾ ಸದ್ದಿಲ್ಲದ ಹಾಗಾಯಿತು. ಹಣಕ್ಕೆ ತೊಂದರೆ ಇರಲಿಲ್ಲ, ಆರೋಗ್ಯ ಚೆನ್ನಾಗಿತ್ತು. ಆದರೂ ಯಾವುದೂ ರುಚಿಸುತ್ತಿರಲಿಲ್ಲ. ಹಗಲೆಲ್ಲ ಲ್ಯಾಪ್‌ಟಾಪ್, ರಾತ್ರಿ ಮೊಬೈಲ್. ಯಾರಾದರೂ ಬೆಲ್ ಒತ್ತಿದರೆ ಸಿಟ್ಟು ಬರುತ್ತಿತ್ತು.

ಸಂತೋಷವಾಗಿರಲು ಹೀಗೆ ಮಾಡಿ, ಹಾಗೆ ಮಾಡಿ ಅನ್ನುವ ಪಟ್ಟಿಗಳಿಗೆ ಬರವಿಲ್ಲ. ಐದು ಗಂಟೆಗೆ ಏಳಿ, ಧ್ಯಾನ ಮಾಡಿ, ಕನ್ನಡಿ ಮುಂದೆ ನಿಂತು ನಿಮಗೆ ನೀವೇ ಒಳ್ಳೆಯ ಮಾತು ಹೇಳಿಕೊಳ್ಳಿ. ನಾನೂ ಸುಮಾರು ಮಾಡಿ ನೋಡಿದೆ. ಅದರಲ್ಲಿ ಈಗಲೂ ಉಳಿದಿರುವುದು ಯಾವುದು ಅಂತ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಯಾವುದರಲ್ಲಿ ಇನ್ನೊಬ್ಬ ಮನುಷ್ಯ ಇದ್ದಾರೋ ಅದು ನಿಂತಿದೆ. ನಾನು ಮತ್ತು ನನ್ನ ಮನಸ್ಸು ಮಾತ್ರ ಇದ್ದದ್ದು ರಿಟರ್ನ್ ವಾರ ಬಂದ ಕೂಡಲೇ ಬಿದ್ದುಹೋಗಿದೆ. ಧ್ಯಾನದ ಆ್ಯಪ್‌ಗೆ ನಾನು ಬಂದರೂ ಒಂದೇ, ಬರದಿದ್ದರೂ ಒಂದೇ.

ಎದುರು ಮನೆಯ ಟೀಚರ್ ಹಾಗಲ್ಲ. ಅವರು ಪ್ರೈಮರಿ ಶಾಲೆಯಲ್ಲಿದ್ದು ರಿಟೈರ್ ಆದವರು. ಒಂದು ದಿನ ಗೇಟ್ ಹತ್ತಿರ ಸಿಕ್ಕಾಗ ಹೇಳಿದರು: “ಆರೂಕಾಲಿಗೆ ಇಲ್ಲೇ ನಿಂತಿರ್ತೀನಿ ಕಣಮ್ಮಾ. ಬರಲಿಲ್ಲ ಅಂದ್ರೆ ಬೆಲ್ ಹೊಡೀತೀನಿ.” ಹೊಡೆದೂ ಬಿಡುತ್ತಾರೆ. ಹಾಗಾಗಿ ನಮ್ಮ ಕುಕ್ಕರಹಳ್ಳಿ ಕೆರೆ ವಾಕಿಂಗ್ ನಡೆಯುತ್ತಿದೆ. ನನ್ನ ಛಲಕ್ಕಿಂತ ಅವರ ಬೆಲ್‌ನ ಪಾಲು ಜಾಸ್ತಿ.

ಈ ಕೆರೆ 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆದದ್ದು. ಹೊಲಗಳಿಗೆ ನೀರು ಕೊಡಲು ಕಟ್ಟಿಸಿದ್ದು ಈಗ ಊರಿನವರ ಮಂಡಿನೋವಿಗೂ ಶುಗರ್‌ಗೂ ಆಗಿಬರುತ್ತಿದೆ. ಕುವೆಂಪು ಅವರೂ ಇದರ ದಂಡೆಯಲ್ಲಿ ನಡೆಯುತ್ತಿದ್ದರು. ಮೊದಮೊದಲು ನಾನು ಇಯರ್‌ಫೋನ್ ಹಾಕಿಕೊಂಡು ಹೋಗುತ್ತಿದ್ದೆ. ಟೀಚರ್ ಅದನ್ನು ನೋಡಿ, “ಕಿವಿ ಮನೇಲಿ ಬಿಟ್ಟು ಬಂದ್ರೆ ನಾನು ಯಾರ ಜೊತೆ ಮಾತಾಡ್ಲಿ?” ಅಂದರು. ಅಲ್ಲಿಂದ ಫೋನು ಮನೆಯಲ್ಲೇ ಇರುತ್ತದೆ. ಈಗ ಹೆಜ್ಜಾರ್ಲೆ, ಹಾವಕ್ಕಿ, ಬಣ್ಣದ ಕೊಕ್ಕರೆ, ನೀರುಕಾಗೆ ಎಲ್ಲವೂ ಬೇರೆಬೇರೆಯಾಗಿ ಗೊತ್ತಾಗುತ್ತವೆ. ಹಾವಕ್ಕಿ ಈಜುವಾಗ ಕತ್ತು ಮಾತ್ರ ನೀರಿನ ಮೇಲೆ ಕಾಣುತ್ತದೆ, ಥೇಟ್ ಹಾವು ಹೋದ ಹಾಗೆ. ಹೆಜ್ಜಾರ್ಲೆ ಇಳಿಯುವುದನ್ನು ನೋಡಲು ಟೀಚರ್ ಮಾತು ಅರ್ಧಕ್ಕೆ ನಿಲ್ಲಿಸಿಬಿಡುತ್ತಾರೆ.

ನಡಿಗೆಯಿಂದ ಏನಾಯಿತು? ತೂಕ ಏನೂ ಇಳಿಯಲಿಲ್ಲ. ನಿದ್ದೆ ಸರಿಹೋಯಿತು. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ಮೆದುಳಿನೊಳಗಿನ ಗಡಿಯಾರ ಸರಿಯಾಗುತ್ತದೆ, ನಿದ್ದೆಗೆ ಬೇಕಾದ ಮೆಲಟೋನಿನ್ ರಾತ್ರಿ ಹೊತ್ತಿಗೆ ಸರಿಯಾಗಿ ಏರುತ್ತದೆ. ಮನೆಯೊಳಗೆ ಎಷ್ಟೇ ಲೈಟ್ ಹಾಕಿದರೂ ಹೊರಗಿನ ಬೆಳಕಿನ ಲೆಕ್ಕಕ್ಕೆ ಬರುವುದಿಲ್ಲ, ಮೋಡ ಇದ್ದ ದಿನವೂ ಸೇರಿಸಿ.

ನಿದ್ದೆಯ ಇನ್ನರ್ಧ ಸರಿಹೋದದ್ದು ಚಾರ್ಜರ್‌ನಿಂದ. ಅದನ್ನು ಅಡುಗೆಮನೆಗೆ, ಮಿಕ್ಸಿ ಪಕ್ಕದ ಪ್ಲಗ್‌ಗೆ ಹಾಕಿದೆ. ಫೋನು ರಾತ್ರಿ ಅಲ್ಲೇ ಮಲಗುತ್ತದೆ. ಬೆಳಿಗ್ಗೆ ಏಳಲು ಕೀಲಿ ಕೊಡುವ ಅಲಾರಂ ಗಡಿಯಾರ ತಂದಿದ್ದೇವೆ. ಅದರ ಟಿಕ್‌ಟಿಕ್ ಯಜಮಾನರಿಗೆ ಆಗುವುದಿಲ್ಲ. ಹಾಗಾಗಿ ಅದು ಹಾಲ್‌ನಲ್ಲಿದೆ.

ಇನ್ನು ಖರ್ಚಿನ ಪುಸ್ತಕ. ದಿನಾ ರಾತ್ರಿ ಮೂರು ಒಳ್ಳೆಯ ಸಂಗತಿ ಬರೆಯಿರಿ ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ಅದಕ್ಕೆಂದು ಚಂದದ ಡೈರಿ ತಂದಿದ್ದೆ. ಒಳ್ಳೆಯ ಆರೋಗ್ಯ, ಒಳ್ಳೆಯ ಕುಟುಂಬ, ಒಳ್ಳೆಯ ಮನೆ. ಮಾರನೇ ದಿನವೂ ಅದೇ ಮೂರು. ನನಗೆ ಅದು ಇಂಪೊಸಿಷನ್ ಬರೆದ ಹಾಗಾಯಿತು. ಅಮೆರಿಕದ ಮನಶ್ಶಾಸ್ತ್ರಜ್ಞೆ ಸೋನ್ಯಾ ಲ್ಯುಬೊಮಿರ್ಸ್ಕಿ ಇದನ್ನೇ ಪ್ರಯೋಗ ಮಾಡಿ ನೋಡಿದ್ದಾರೆ. ವಾರಕ್ಕೊಂದು ಸಲ ಬರೆದವರ ಸಂತೋಷ ಹೆಚ್ಚಿತು, ವಾರಕ್ಕೆ ಮೂರು ಸಲ ಬರೆದವರದು ಹೆಚ್ಚಲಿಲ್ಲ. ಒಳ್ಳೆಯದನ್ನು ನೆನೆಯುವುದೂ ದಿನಚರಿಯ ಕೆಲಸವಾದರೆ ಸಪ್ಪೆ.

ಡೈರಿ ಈಗ ಪಾಸ್‌ವರ್ಡ್ ಬರೆಯಲು ಬಳಕೆಯಾಗುತ್ತಿದೆ. ಆದರೆ ಮನೆ ಖರ್ಚು ಬರೆಯುವ ಉದ್ದನೆಯ ಪುಸ್ತಕ ಹೇಗೂ ದಿನಾ ತೆರೆಯುತ್ತೇನೆ. ಅದರಲ್ಲಿ ತಾರೀಖು, ವಿವರ, ಮೊತ್ತ ಅಂತ ಮೂರು ಕಾಲಂ ಇದ್ದವು. ಬಲಗಡೆ ಇನ್ನೊಂದು ಗೆರೆ ಎಳೆದು ‘ಬಿಟ್ಟಿ’ ಅಂತ ತಲೆಬರಹ ಕೊಟ್ಟೆ. ದುಡ್ಡು ಕೊಡದೆ ಬಂದದ್ದು ಅಲ್ಲಿಗೆ. ಕೊತ್ತಂಬರಿ ಸೊಪ್ಪು ಹತ್ತು ರೂಪಾಯಿ, ಎದುರಿಗೆ: ಕರಿಬೇವು ಸುಮ್ನೆ ಹಾಕಿದಳು. ಆಟೋ ಎಂಬತ್ತು, ಎದುರಿಗೆ: ಬಾಗಿಲ ತನಕ ಚೀಲ ತಂದುಕೊಟ್ಟ. ಕರೆಂಟ್ ಬಿಲ್ ಎದುರಿಗೆ ಹೆಚ್ಚಾಗಿ ಏನೂ ಇರುವುದಿಲ್ಲ.

ಲೆಕ್ಕದವಳಿಗೆ ಖಾಲಿ ಕಾಲಂ ನೋಡಿದರೆ ಕೈ ಸುಮ್ಮನಿರುವುದಿಲ್ಲ. ಬರೆಯಲು ಏನಾದರೂ ಬೇಕು ಅಂತ ದಿನವಿಡೀ ಕಣ್ಣು ಹುಡುಕುತ್ತದೆ. ‘ಒಳ್ಳೆಯ ಕುಟುಂಬ’ ಅಂತ ಬರೆಯಲು ಇಲ್ಲಿ ಜಾಗವಿಲ್ಲ. ಯಾರು, ಏನು ಮಾಡಿದರು, ಅಷ್ಟೇ ಹಿಡಿಸುತ್ತದೆ. ಇಲ್ಲದ ದಿನ ಗೀಟು ಹಾಕುತ್ತೇನೆ, ಬಲವಂತವಿಲ್ಲ. ಭಾನುವಾರ ವಾರದ ಮೊತ್ತ ಕೂಡುವಾಗ ಆ ಕಾಲಂ ಒಂದು ಸಲ ಮೇಲಿಂದ ಕೆಳಗೆ ಓದುತ್ತೇನೆ. ಅಲ್ಲಿ ಯಾರ ಹೆಸರು ಮತ್ತೆ ಮತ್ತೆ ಬರುತ್ತಿದೆ ಅಂತ ಕಂಡರೆ ಅವರ ಮನೆಗೆ ಒಂದು ಡಬ್ಬಿ ಚಟ್ನಿಪುಡಿ ಹೋಗುತ್ತದೆ. ಎದುರು ಮನೆಗೆ ಈಗಾಗಲೇ ಬೇಕಾದಷ್ಟು ಹೋಗಿದೆ.

ಗುರುವಾರ ಮಧ್ಯಾಹ್ನ ತಿಪಟೂರಿನ ಸೋದರತ್ತೆಗೆ ಫೋನು. ಮೊದಲು ‘ಬಿಡುವಾದಾಗ ಮಾಡೋಣ’ ಅಂತಿತ್ತು, ಬಿಡುವಾಗುತ್ತಲೇ ಇರಲಿಲ್ಲ. ವಾರ, ಹೊತ್ತು ಗೊತ್ತು ಮಾಡಿದ ಮೇಲೆ ಅವರೇ ಕಾಯುತ್ತಾರೆ. ಹತ್ತು ನಿಮಿಷ ತಡವಾದರೆ ಅವರ ಕಡೆಯಿಂದಲೇ ಬರುತ್ತದೆ: “ಏನೇ, ಇವತ್ತು ಗುರುವಾರ ಅಲ್ವಾ?” ಮಾತಿನಲ್ಲಿ ದೊಡ್ಡ ವಿಷಯ ಏನಿರುವುದಿಲ್ಲ. ಕೊಬ್ಬರಿ ರೇಟು, ತೋಟದ ಬೋರ್‌ವೆಲ್, ಯಾರದೋ ನಾಮಕರಣ. ಹಾರ್ವರ್ಡ್‌ನಲ್ಲಿ 1938ರಿಂದ ಒಂದು ಅಧ್ಯಯನ ನಡೆಯುತ್ತಾ ಬಂದಿದೆ, ಅದೇ ಜನರನ್ನು ವಯಸ್ಸಾಗುವ ತನಕ ಗಮನಿಸಿದ್ದಾರೆ. 50ರ ವಯಸ್ಸಿನಲ್ಲಿ ತಮ್ಮ ಸಂಬಂಧಗಳಲ್ಲಿ ತೃಪ್ತಿ ಇದ್ದವರೇ 80ರಲ್ಲಿ ಹೆಚ್ಚು ಆರೋಗ್ಯವಾಗಿದ್ದರಂತೆ. ಕೊಲೆಸ್ಟರಾಲ್ ನೋಡಿ ಹೇಳುವುದಕ್ಕಿಂತ ಇದನ್ನು ನೋಡಿ ಹೇಳುವುದೇ ಹೆಚ್ಚು ನಿಜವಾಯಿತು. ಮೊದಲು ಅದರಲ್ಲಿದ್ದವರೆಲ್ಲ ಅಮೆರಿಕದ ಗಂಡಸರು. ಅತ್ತೆಗೆ ಇದನ್ನು ಹೇಳಿದೆ. “ಕೊಲೆಸ್ಟ್ರಾಲ್‌ಗೆ ಕೊಬ್ಬರಿ ಎಣ್ಣೆ ಬಿಡು ಅಂತಾನೆ ಡಾಕ್ಟ್ರು, ಫೋನ್ ಮಾಡು ಅಂತ ಹೇಳಲ್ಲ ನೋಡು,” ಅಂದರು.

ಊಟದ ಹೊತ್ತಿಗೆ ಲ್ಯಾಪ್‌ಟಾಪ್ ಮುಚ್ಚುತ್ತೇನೆ. ಇದರ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಸಾರಿಗೆ ಉಪ್ಪು ಸರಿಯಾಗಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ನೆಮ್ಮದಿ ತಂದ ಅಭ್ಯಾಸ ಮಾತ್ರ ಯಾವ ಪಟ್ಟಿಯಲ್ಲೂ ಇರಲಿಲ್ಲ. ತಿಂಗಳ ಮೊದಲ ವಾರ ನಾನೇ ಅಂಗಡಿಗಳಿಗೆ ಹೋಗಿ ಬಿಲ್ ತರುತ್ತೇನೆ. ವಾಟ್ಸ್ಆ್ಯಪ್‌ನಲ್ಲಿ ಎಷ್ಟು ಕೇಳಿದರೂ “ನಾಳೆ ಕಳಿಸ್ತೀನಿ ಮೇಡಂ” ಅನ್ನುತ್ತಿದ್ದವರು, ಎದುರಿಗೆ ಹೋಗಿ ನಿಂತರೆ ಡ್ರಾಯರ್ ತೆಗೆದು ಕೊಡುತ್ತಾರೆ. ಶಿವರಾಂಪೇಟೆಯಿಂದ ಶುರು ಮಾಡಿ ದೇವರಾಜ ಅರಸು ರಸ್ತೆ ದಾಟಿ, ದೇವರಾಜ ಮಾರುಕಟ್ಟೆ ಕಡೆ ಮುಗಿಸುತ್ತೇನೆ. ನಡೆದೇ ಹೋಗುತ್ತೇನೆ. ಒಬ್ಬರು ಕಾಫಿ ತರಿಸುತ್ತಾರೆ. ಇನ್ನೊಬ್ಬರು ಮಗನ ಸಿಇಟಿ ರ‍್ಯಾಂಕ್ ಬಗ್ಗೆ ಅರ್ಧ ಗಂಟೆ ಮಾತಾಡುತ್ತಾರೆ. ಮೊದಲಾಗಿದ್ದರೆ ಇದನ್ನು ಟೈಮ್ ವೇಸ್ಟ್ ಅನ್ನುತ್ತಿದ್ದೆ. ಆದರೆ ಲೆಕ್ಕ ಹಾಕಿದರೆ ಲಾಭವೇ. ಕೊನೆಯ ರಾತ್ರಿ ಪೋರ್ಟಲ್ ತೆರೆಯದೆ ಒದ್ದಾಡುವುದು ತಪ್ಪಿತು, ಮನೆಗೆ ಬರುವಾಗ ಚೀಲದಲ್ಲಿ ಒಂದು ಮೊಳ ಮಲ್ಲಿಗೆಯೂ ಇರುತ್ತದೆ. ವರ್ಷಗಟ್ಟಲೆ ಫೋನಿನಲ್ಲಿ ದನಿ ಮಾತ್ರ ಕೇಳಿದ್ದವರ ಮುಖ ಈಗ ಗೊತ್ತು. ದನಿ ಗೊತ್ತಿದ್ದಾಗ ಬರುತ್ತಿದ್ದ ಸಿಟ್ಟು ಮುಖ ಗೊತ್ತಾದ ಮೇಲೆ ಅಷ್ಟು ಬರುವುದಿಲ್ಲ.

ನನಗಿದ್ದದ್ದು ಬೇಸರ, ಒಂಟಿತನ. ಇವೆಲ್ಲ ಅದಕ್ಕೆ ಸಾಕಾದವು. ವಾರಗಟ್ಟಲೆ ಏನೂ ಬೇಡ ಅನ್ನಿಸುವುದು, ಊಟ ನಿದ್ದೆ ಕೆಡುವುದು, ಬದುಕೇ ಸಾಕು ಅನ್ನಿಸುವುದು ಬೇರೆ ಮಾತು. ಅದಕ್ಕೆ ವಾಕಿಂಗ್ ಮಾಡಿ, ಡೈರಿ ಬರೆಯಿರಿ ಅನ್ನುವುದು ತಪ್ಪು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕಾಲು ಮುರಿದರೆ ಡಾಕ್ಟರ್ ಹತ್ತಿರ ಹೋಗಲು ನಾಚಿಕೆಪಡುವವರಿಲ್ಲ. ಇದಕ್ಕೂ ಪಡಬೇಕಾಗಿಲ್ಲ.

ರಿಟರ್ನ್ ವಾರದಲ್ಲಿ ಈಗಲೂ ಎಲ್ಲವೂ ನಡೆಯುವುದಿಲ್ಲ. ಕೆರೆಯ ಪೂರ್ತಿ ಸುತ್ತು ಬಿಟ್ಟು ಅರ್ಧ ನಡೆದು ವಾಪಸ್ ಬರುತ್ತೇವೆ. ಬಿಟ್ಟಿ ಕಾಲಂನಲ್ಲಿ ಗೀಟುಗಳು ಜಾಸ್ತಿ ಇರುತ್ತವೆ. ಮಗಳ ಜೊತೆ ಮಾತಿಗೆ ಮಾತ್ರ ಇನ್ನೂ ವಾರ ಗೊತ್ತಾಗಿಲ್ಲ. ಶನಿವಾರ ಅವಳು ಏಳುವುದೇ ಮಧ್ಯಾಹ್ನ, ಭಾನುವಾರ ಸ್ನೇಹಿತರ ಜೊತೆ ಹೊರಗೆ. ಈ ತಿಂಗಳಿಂದ ಬುಧವಾರ ರಾತ್ರಿ ಒಂಬತ್ತಕ್ಕೆ ಅಂತ ಮಾಡಿದ್ದೇವೆ. ಮೊದಲ ಬುಧವಾರ ಅವಳಿಗೆ ಮೀಟಿಂಗ್ ಇತ್ತು.